ಓದುಗರ ಪ್ರಶ್ನೆ, ನಮ್ಮ ಉತ್ತರ: ಪಿಪ್ ನನ್ನ ಮಾತು ಬಿಟ್ಟು ಹಳೇ ಕಾನ್ಫಿಗ್ ಫೈಲಿನ ಮಾತು ಕೇಳುತ್ತಿದೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇದ್ದವು. ಪ್ಯಾಕೇಜ್ ಮ್ಯಾನೇಜರ್‌ಗೆ (ಬೇರೆಯವರು ಬರೆದ ಕೋಡ್ ಕಟ್ಟುಗಳನ್ನು, ಅಂದರೆ ಪ್ಯಾಕೇಜ್‌ಗಳನ್ನು, ತಂದು ಹಾಕುವ ಸಾಧನ; ಪೈಥಾನ್‌ನದ್ದು ಪಿಪ್) ನಾವು ಒಂದು ಹೇಳಿದರೆ ಅದು ಎಲ್ಲೋ ಕೂತಿರುವ ಕಾನ್ಫಿಗ್ ಫೈಲ್ (ಸೆಟ್ಟಿಂಗ್‌ಗಳ ಫೈಲ್) ಓದಿಕೊಂಡು ಇನ್ನೊಂದು ಮಾಡುತ್ತದೆ, ಆ ಫೈಲನ್ನು ನೋಡಲೇಬೇಡ ಅಂತ ಅದಕ್ಕೆ ಹೇಳುವುದು ಹೇಗೆ? ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ ಮೀಸಲು. ಒಂದು ಸೂಚನೆ: ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.

ಪ್ರಶ್ನೆ: ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಏನೋ ಸೆಟ್ ಮಾಡಿಕೊಟ್ಟಿದ್ದರು. ಈಗ ಆ ಕೆಲಸ ಬಿಟ್ಟಿದ್ದೇನೆ. ಆದರೆ ಪಿಪ್ ಇನ್‌ಸ್ಟಾಲ್ ಅಂತ ಕೊಟ್ಟಾಗಲೆಲ್ಲ ಅದು ಅವರ ಸರ್ವರ್ ಹುಡುಕಿಕೊಂಡು ಹೋಗುತ್ತದೆ, ಸಿಗದೆ ಮತ್ತೆ ಮತ್ತೆ ಪ್ರಯತ್ನಿಸಿ ಕೊನೆಗೆ ಕೈ ಚೆಲ್ಲುತ್ತದೆ. ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟ್‌ಗೇ ಮೀಸಲಾದ ಪೈಥಾನ್ ಪ್ಯಾಕೇಜ್‌ಗಳ ಫೋಲ್ಡರ್) ಮಾಡಿದೆ, ಅದೇ ಕಥೆ. ಪೈಥಾನ್ ತೆಗೆದು ಮತ್ತೆ ಹಾಕಿದೆ, ಆಗಲೂ ಅಷ್ಟೇ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವುದೊಂದೇ ದಾರಿಯಾ?

ಉತ್ತರ: ಖಂಡಿತ ಬೇಡ. ಫಾರ್ಮ್ಯಾಟ್ ಮಾಡುವಂಥದ್ದು ಏನೂ ಆಗಿಲ್ಲ.

ಪಿಪ್‌ನ ಸೆಟ್ಟಿಂಗ್‌ಗಳು ಪೈಥಾನ್ ಒಳಗೆ ಇರುವುದಿಲ್ಲ, ನಿಮ್ಮ ಹೋಮ್ ಫೋಲ್ಡರ್‌ನಲ್ಲೋ ಸಿಸ್ಟಮ್ ಫೋಲ್ಡರ್‌ನಲ್ಲೋ ಒಂದು ಬೇರೆ ಫೈಲ್‌ನಲ್ಲಿ ಇರುತ್ತವೆ, ಅದಕ್ಕೇ ಪೈಥಾನ್ ತೆಗೆದು ಹಾಕಿದರೂ ಅವು ಅಲ್ಲಾಡಲಿಲ್ಲ. ಲಿನಕ್ಸ್‌ನಲ್ಲಾದರೆ ಇಡೀ ಯಂತ್ರಕ್ಕೆ ಅನ್ವಯಿಸುವುದು /ಇಟಿಸಿ/ಪಿಪ್.ಕಾನ್ಫ್, ನಿಮ್ಮೊಬ್ಬರಿಗೆ ಅನ್ವಯಿಸುವುದು ಹೋಮ್‌ನ .ಕಾನ್ಫಿಗ್/ಪಿಪ್/ಪಿಪ್.ಕಾನ್ಫ್. ಅದರ ಜೊತೆಗೆ ಹಳೇ ಕಾಲದ .ಪಿಪ್/ಪಿಪ್.ಕಾನ್ಫ್ ಅನ್ನುವ ಜಾಗವನ್ನೂ ಪಿಪ್ ಇವತ್ತಿಗೂ ನೋಡುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹೆಸರು ಪಿಪ್.ಐಎನ್‌ಐ. ಇವಿಷ್ಟೂ ಸಾಲದು ಅಂತ ವರ್ಚುವಲ್ ಎನ್ವಿರಾನ್‌ಮೆಂಟ್‌ನ ಒಳಗೂ ಒಂದು ಪಿಪ್.ಕಾನ್ಫ್ ಇರಬಹುದು, ಅದಕ್ಕೆ ಸೈಟ್ ಫೈಲ್ ಅನ್ನುತ್ತಾರೆ. ಹೊಸ ಎನ್ವಿರಾನ್‌ಮೆಂಟ್ ಮಾಡಿದಾಗ ಪ್ಯಾಕೇಜ್‌ಗಳು ಬೇರೆಯಾಗುತ್ತವೆ, ನಿಜ. ಆದರೆ ಯಂತ್ರದ ಫೈಲು, ನಿಮ್ಮ ಫೈಲು ಎರಡನ್ನೂ ಅಲ್ಲಿರುವ ಪಿಪ್ ಕೂಡ ಓದುತ್ತದೆ. ಜನ ಎಡವುವುದು ಇಲ್ಲೇ. ವರ್ಚುವಲ್ ಎನ್ವಿರಾನ್‌ಮೆಂಟ್ ಅಂದರೆ ಎಲ್ಲವೂ ಹೊಸದು ಅಂದುಕೊಳ್ಳುತ್ತಾರೆ.

ತಕ್ಷಣಕ್ಕೆ ಕೆಲಸ ಆಗಬೇಕಾ? ಪಿಪ್ --ಐಸೊಲೇಟೆಡ್ ಇನ್‌ಸ್ಟಾಲ್ ಅಂತ ಕೊಟ್ಟು ಮುಂದೆ ಪ್ಯಾಕೇಜ್ ಹೆಸರು ಬರೆಯಿರಿ. ಈ ಫ್ಲ್ಯಾಗ್ (ಕಮಾಂಡ್‌ಗೆ ಸೇರಿಸುವ ಹೆಚ್ಚುವರಿ ಸೂಚನೆ) ಎರಡು ವಿಷಯಗಳನ್ನು ಕಡೆಗಣಿಸುತ್ತದೆ: ನಿಮ್ಮ ಹೋಮ್‌ನಲ್ಲಿರುವ ಯೂಸರ್ ಫೈಲ್, ಮತ್ತು ಪಿಪ್_ ಅಂತ ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಟರ್ಮಿನಲ್‌ನಲ್ಲಿ ಹೆಸರು ಕೊಟ್ಟು ಇಟ್ಟಿರುವ ಬೆಲೆಗಳು). ನಿಮ್ಮ ತೊಂದರೆ ಹೋಮ್‌ನ ಫೈಲಿನಿಂದ ಬಂದದ್ದಾದರೆ ಇಷ್ಟಕ್ಕೇ ಮುಗಿಯಿತು.

ಆದರೆ ದಯವಿಟ್ಟು ಇಷ್ಟಕ್ಕೇ ನಿಲ್ಲಿಸಬೇಡಿ. ಯಾವ ಫೈಲ್ ಮಾತಾಡುತ್ತಿದೆ ಅಂತ ಮೊದಲು ನೋಡಿಕೊಳ್ಳಿ, ಎರಡು ನಿಮಿಷದ ಕೆಲಸ. ಪಿಪ್ ಕಾನ್ಫಿಗ್ ಡೀಬಗ್ ಅಂತ ಹೊಡೆಯಿರಿ. ಪಿಪ್ ತಾನು ಎಲ್ಲೆಲ್ಲಿ ಹುಡುಕುತ್ತದೆ ಅನ್ನುವುದನ್ನು ಗುಂಪು ಗುಂಪಾಗಿ ತೋರಿಸುತ್ತದೆ: ಎನ್ವಿರಾನ್‌ಮೆಂಟ್ ವೇರಿಯಬಲ್, ಗ್ಲೋಬಲ್, ಸೈಟ್, ಯೂಸರ್. ಪ್ರತಿ ಫೈಲಿನ ಮುಂದೆ ಎಕ್ಸಿಸ್ಟ್ಸ್: ಟ್ರೂ ಅಥವಾ ಫಾಲ್ಸ್ ಅಂತ ಇರುತ್ತದೆ. ಟ್ರೂ ಇರುವ ಫೈಲಿನ ಕೆಳಗೆ ಅದರೊಳಗಿನ ಸಾಲುಗಳೂ ಕಾಣಿಸುತ್ತವೆ. ಅಲ್ಲಿ ಗ್ಲೋಬಲ್.ಇಂಡೆಕ್ಸ್-ಯುಆರ್‌ಎಲ್ ಅನ್ನುವುದರ ಎದುರು ಹಳೇ ಸರ್ವರ್‌ನ ವಿಳಾಸ ಕಂಡರೆ ಕಳ್ಳ ಸಿಕ್ಕಿದ ಹಾಗೆ.

ಇಲ್ಲೊಂದು ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ. ಗ್ಲೋಬಲ್.ಇಂಡೆಕ್ಸ್-ಯುಆರ್‌ಎಲ್ ಅಂತ ಇದ್ದ ಮಾತ್ರಕ್ಕೆ ಅದು ಗ್ಲೋಬಲ್ ಫೈಲಿನಲ್ಲಿದೆ ಅಂತ ಅರ್ಥ ಅಲ್ಲ. ಅಲ್ಲಿ ಗ್ಲೋಬಲ್ ಅನ್ನುವುದು ಫೈಲಿನೊಳಗಿನ ಒಂದು ವಿಭಾಗದ ಹೆಸರು, ಪಿಪ್‌ನ ಎಲ್ಲ ಕಮಾಂಡ್‌ಗಳಿಗೂ ಅನ್ವಯಿಸುವ ವಿಭಾಗ ಅದು. ನಿಮ್ಮ ಹೋಮ್‌ನ ಯೂಸರ್ ಫೈಲಿನಲ್ಲೂ ಆ ವಿಭಾಗ ಇರುತ್ತದೆ. ಆದ್ದರಿಂದ ಸಾಲು ಯಾವ ಫೈಲಿನ ಕೆಳಗೆ ಬಂದಿದೆ ಅನ್ನುವುದನ್ನು ನೋಡಿ, ಸಾಲಿನ ಶುರುವಿನಲ್ಲಿ ಏನಿದೆ ಅನ್ನುವುದನ್ನಲ್ಲ.

ಸಿಕ್ಕ ಮೇಲೆ ಪಿಪ್ ಕಾನ್ಫಿಗ್ ಅನ್‌ಸೆಟ್ ಗ್ಲೋಬಲ್.ಇಂಡೆಕ್ಸ್-ಯುಆರ್‌ಎಲ್ ಅಂದರೆ ಯೂಸರ್ ಫೈಲಿನಿಂದ ಆ ಸಾಲು ಹೋಗುತ್ತದೆ. ಯಂತ್ರದ ಫೈಲಿನಲ್ಲಿದ್ದರೆ ಅದೇ ಕಮಾಂಡ್‌ಗೆ --ಗ್ಲೋಬಲ್ ಸೇರಿಸಿ, ಅಡ್ಮಿನ್ ಹಕ್ಕು ಬೇಕಾಗುತ್ತದೆ. ನಿಮ್ಮ ವಿಷಯದಲ್ಲಿ ಇದೇ ಸರಿಯಾದ ಮದ್ದು. ಆ ಕೆಲಸ ಬಿಟ್ಟಿದ್ದೀರಿ, ಆ ಸರ್ವರ್ ಇನ್ನು ನಿಮಗೆ ಬೇಡ, ಹಾಗಿರುವಾಗ ಆ ಸಾಲನ್ನು ಅಲ್ಲೇ ಉಳಿಸಿಕೊಂಡು ದಿನಾ --ಐಸೊಲೇಟೆಡ್ ಟೈಪ್ ಮಾಡುವುದು ಸುಮ್ನೆ ಶ್ರಮ.

ಇನ್ನೊಂದು ಗುರುತು ನೆನಪಿಟ್ಟುಕೊಳ್ಳಿ. ಇನ್‌ಸ್ಟಾಲ್ ಶುರುವಾದಾಗ ಮೊದಲಲ್ಲೇ ಲುಕಿಂಗ್ ಇನ್ ಇಂಡೆಕ್ಸಸ್ ಅನ್ನುವ ಸಾಲು ಬಂದರೆ ಪಿಪ್ ಮಾಮೂಲಿ ಪೈಪಿಐ (ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರ) ಬಿಟ್ಟು ಬೇರೆ ಕಡೆ ಅಥವಾ ಅದರ ಜೊತೆಗೆ ಇನ್ನೊಂದು ಕಡೆ ಹುಡುಕುತ್ತಿದೆ ಅಂತ ಅರ್ಥ. ಬರೀ ಪೈಪಿಐ ಆಗಿದ್ದರೆ ಆ ಸಾಲು ಬರುವುದೇ ಇಲ್ಲ. ನೀವು ಏನೂ ಹೇಳದೆ ಅದು ಬಂತು ಅಂದರೆ ಯಾವುದೋ ಫೈಲು ನಿಮ್ಮ ಪರವಾಗಿ ಮಾತಾಡಿದೆ.

ಪ್ರಶ್ನೆ: --ಐಸೊಲೇಟೆಡ್ ಹಾಕಿಯೂ ನೋಡಿದೆ. ಆದರೂ ಅದೇ ಹಳೇ ವಿಳಾಸಕ್ಕೆ ಹೋಗುತ್ತದೆ. ಈ ಫ್ಲ್ಯಾಗ್ ಕೆಲಸವೇ ಮಾಡುವುದಿಲ್ಲ ಅನ್ನಿಸುತ್ತದೆ.

ಉತ್ತರ: ಮಾಡುತ್ತದೆ, ಆದರೆ ಅದರ ಹೆಸರು ಹೇಳುವಷ್ಟು ಮಾಡುವುದಿಲ್ಲ. ಮೇಲೆ ಹೇಳಿದೆನಲ್ಲ, ಅದು ಬಿಡುವುದು ಯೂಸರ್ ಫೈಲನ್ನು ಮತ್ತು ವೇರಿಯಬಲ್‌ಗಳನ್ನು ಮಾತ್ರ. ಗ್ಲೋಬಲ್ ಫೈಲು, ವರ್ಚುವಲ್ ಎನ್ವಿರಾನ್‌ಮೆಂಟ್‌ನ ಸೈಟ್ ಫೈಲು ಎರಡನ್ನೂ ಅದು ಓದಿಯೇ ಓದುತ್ತದೆ. ನಿಮ್ಮ ಸಾಲು /ಇಟಿಸಿ/ಪಿಪ್.ಕಾನ್ಫ್‌ನಲ್ಲಿ ಇದ್ದಿರಬೇಕು.

ಎಲ್ಲ ಫೈಲುಗಳನ್ನೂ ಬಿಡಿಸಬೇಕು ಅಂದರೆ ದಾರಿ ಬೇರೆ: ಪಿಪ್_ಕಾನ್ಫಿಗ್_ಫೈಲ್ ಅನ್ನುವ ವೇರಿಯಬಲ್‌ಗೆ, ಪೂರ್ತಿ ದೊಡ್ಡಕ್ಷರದಲ್ಲಿ ಬರೆದು, /ಡೆವ್/ನಲ್ (ಲಿನಕ್ಸ್‌ನಲ್ಲಿ ಯಾವಾಗಲೂ ಖಾಲಿಯಾಗಿರುವ ವಿಶೇಷ ಫೈಲ್) ಅನ್ನುವ ಬೆಲೆ ಕೊಡಿ. ವಿಂಡೋಸ್‌ನಲ್ಲಿ ಬರೀ ನಲ್, ಇಂಗ್ಲಿಷಿನ ಮೂರು ಸಣ್ಣಕ್ಷರ. ಈ ಬೆಲೆ ಕಂಡ ತಕ್ಷಣ ಪಿಪ್ ಯಾವ ಕಾನ್ಫಿಗ್ ಫೈಲನ್ನೂ ತೆರೆಯುವುದಿಲ್ಲ, ಗ್ಲೋಬಲ್ ಇರಲಿ ಸೈಟ್ ಇರಲಿ. ಬೇರೆ ಯಾವುದೋ ಖಾಲಿ ಫೈಲಿನ ಹೆಸರು ಕೊಟ್ಟರೆ ಈ ಫಲ ಸಿಗದು, ಸರಿಯಾಗಿ ಇದೇ ಬೆಲೆ ಇರಬೇಕು. ಆದರೆ ಈ ದಾರಿಯಲ್ಲಿ ಉಳಿದ ವೇರಿಯಬಲ್‌ಗಳು ಹಾಗೇ ಇರುತ್ತವೆ. ಶೆಲ್‌ನ ಸ್ಟಾರ್ಟ್‌ಅಪ್ ಫೈಲಿನಲ್ಲಿ ಯಾರೋ ಪಿಪ್_ಇಂಡೆಕ್ಸ್_ಯುಆರ್‌ಎಲ್ ಅಂತ ಎಕ್ಸ್‌ಪೋರ್ಟ್ ಮಾಡಿಟ್ಟಿದ್ದರೆ ಅದು ಚಾಲ್ತಿಯಲ್ಲೇ ಇರುತ್ತದೆ. ಹಾಗಾಗಿ ಪೂರ್ತಿ ಶುದ್ಧ ಓಟ ಬೇಕಾದಾಗ ಎರಡನ್ನೂ ಒಟ್ಟಿಗೆ ಕೊಡಿ: ಮುಂದೆ ಪಿಪ್_ಕಾನ್ಫಿಗ್_ಫೈಲ್=/ಡೆವ್/ನಲ್, ಆಮೇಲೆ ಪಿಪ್ --ಐಸೊಲೇಟೆಡ್ ಇನ್‌ಸ್ಟಾಲ್. ಒಂದು ಫೈಲುಗಳನ್ನು ಮುಚ್ಚುತ್ತದೆ, ಇನ್ನೊಂದು ವೇರಿಯಬಲ್‌ಗಳನ್ನು.

ಇಷ್ಟಾದ ಮೇಲೂ ಹಳೇ ವಿಳಾಸ ಕಂಡರೆ ನಿಮ್ಮ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ ತೆರೆದು ಮೇಲಿನ ಸಾಲುಗಳನ್ನು ಓದಿ. ಅಲ್ಲಿ --ಇಂಡೆಕ್ಸ್-ಯುಆರ್‌ಎಲ್ ಅಥವಾ --ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್ ಅಂತ ಬರೆಯುವ ಅವಕಾಶ ಇದೆ, ಪಿಪ್ ಅದನ್ನು ಪಾಲಿಸುತ್ತದೆ. ಅದು ಕಾನ್ಫಿಗ್ ಫೈಲ್ ಅಲ್ಲವೇ ಅಲ್ಲ, ನೀವೇ -ಆರ್ ಕೊಟ್ಟು ಓದು ಅಂದ ಫೈಲು, ಹಾಗಾಗಿ ಯಾವ ಫ್ಲ್ಯಾಗೂ ಅದನ್ನು ಬಿಡಿಸುವುದಿಲ್ಲ. ಹುಡುಕಿ ಹುಡುಕಿ ಸುಸ್ತಾದವರಿಗೆ ಕೊನೆಗೆ ಉತ್ತರ ಸಿಗುವುದು ಜಾಸ್ತಿ ಇಲ್ಲೇ. ಹಾಗೆಯೇ ಹೋಮ್‌ನಲ್ಲಿರುವ .ನೆಟ್‌ಆರ್‌ಸಿ ಫೈಲಿನಿಂದ ಪಿಪ್ ಪಾಸ್‌ವರ್ಡ್ ಎತ್ತಿಕೊಳ್ಳುತ್ತದೆ. ಅದೂ ಪಿಪ್‌ನ ಕಾನ್ಫಿಗ್ ಅಲ್ಲ.

ಇನ್ನೊಂದು ಮಾತು. ಕಮಾಂಡ್‌ನಲ್ಲಿ --ಇಂಡೆಕ್ಸ್-ಯುಆರ್‌ಎಲ್ ಕೊಟ್ಟರೆ ಫೈಲಿನ ಇಂಡೆಕ್ಸ್-ಯುಆರ್‌ಎಲ್ ಸೋಲುತ್ತದೆ, ಸರಿ. ಆದರೆ ಫೈಲಿನಲ್ಲಿ ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್ ಕೂಡ ಇದ್ದರೆ ಅದು ಬೇರೆ ಸೆಟ್ಟಿಂಗ್, ಅದು ಉಳಿದುಕೊಳ್ಳುತ್ತದೆ. ಒಂದನ್ನು ಮೀರಿದೆ ಅಂದರೆ ಎಲ್ಲವನ್ನೂ ಮೀರಿದೆ ಅಂತಲ್ಲ.

ಪ್ರಶ್ನೆ: ನೀವು ಹೇಳುವ /ಡೆವ್/ನಲ್ ಉಪಾಯವನ್ನು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್‌ನಲ್ಲಿ ಬಳಸಿದೆ. ಮೊದಲು ಬೇಗ ಇನ್‌ಸ್ಟಾಲ್ ಆಗುತ್ತಿದ್ದ ನಂಪೈ ಪ್ಯಾಕೇಜ್ ಈಗ ಮುಗಿಯುವುದೇ ಇಲ್ಲ, ಬೋರ್ಡ್ ಬಿಸಿಯಾಗುತ್ತಿದೆ.

ಉತ್ತರ: ನಿಲ್ಲಿಸಿ, ಆ ಉಪಾಯ ಅಲ್ಲಿ ಬೇಡ. ರಾಸ್ಪ್‌ಬೆರಿ ಪೈ ಓಎಸ್‌ನ ಜೊತೆಗೇ /ಇಟಿಸಿ/ಪಿಪ್.ಕಾನ್ಫ್ ಬರುತ್ತದೆ, ಅದರೊಳಗೆ ಪೈವೀಲ್ಸ್ ಅನ್ನುವ ಹೆಚ್ಚುವರಿ ಇಂಡೆಕ್ಸ್‌ನ ವಿಳಾಸ ಇರುತ್ತದೆ. 32 ಬಿಟ್ ಪೈಗೆ ಹೊಂದುವ ಹಾಗೆ ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್‌ಗಳು ಅಲ್ಲಿ ಸಿಗುತ್ತವೆ. ಆ ಫೈಲನ್ನು ನೀವು ಮುಚ್ಚಿದ ಕೂಡಲೇ ಪಿಪ್ ಬರೀ ಪೈಪಿಐಗೆ ಹೋಯಿತು, ಅಲ್ಲಿ ನಿಮ್ಮ ಬೋರ್ಡ್‌ಗೆ ಸರಿಹೊಂದುವ ಸಿದ್ಧ ಪ್ಯಾಕೇಜ್ ಸಿಗಲಿಲ್ಲ, ಸೋರ್ಸ್ ತಂದು ಆ ಚಿಕ್ಕ ಪ್ರೊಸೆಸರ್ ಮೇಲೆ ಕಂಪೈಲ್ ಮಾಡಲು ಕೂತಿದೆ. ಕಂಟ್ರೋಲ್-ಸಿ ಒತ್ತಿ, ವೇರಿಯಬಲ್ ತೆಗೆದು, ಮಾಮೂಲಿನಂತೆ ಇನ್‌ಸ್ಟಾಲ್ ಮಾಡಿ. ಅಲ್ಲಿದ್ದ ಫೈಲು ನಿಮಗೆ ಉಪಕಾರ ಮಾಡುತ್ತಿತ್ತು. ಪಿಪ್ ಕಾನ್ಫಿಗ್ ಡೀಬಗ್ ಮೊದಲು ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಪ್ರಶ್ನೆ: ಐಸೊಲೇಟೆಡ್ ಹಾಕಿದ ಮೇಲೆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್ ಅನ್ನುವ ಎರರ್ ಬರುತ್ತಿದೆ. ಇದು ಮೊದಲು ಇರಲಿಲ್ಲ. ಈ ಫ್ಲ್ಯಾಗ್ ಏನನ್ನಾದರೂ ಕೆಡಿಸಿತಾ?

ಉತ್ತರ: ಕೆಡಿಸಿಲ್ಲ. ನಿಮ್ಮ ಯೂಸರ್ ಫೈಲಿನಲ್ಲಿ ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ = ಟ್ರೂ ಅನ್ನುವ ಸಾಲು ಇದೆಯಾ ನೋಡಿ. 2023ರಲ್ಲಿ ಬಂದ ಡೆಬಿಯನ್ 12ರಿಂದ ಸಿಸ್ಟಮ್ ಪೈಥಾನ್‌ಗೆ ಪಿಪ್ ಮೂಲಕ ನೇರವಾಗಿ ಹಾಕುವುದನ್ನು ತಡೆದಿದ್ದಾರೆ, ಆ ತಡೆ ಕಿರಿಕಿರಿ ಅನ್ನಿಸಿ ಬಹಳ ಜನ ಆ ಸಾಲು ಬರೆದು ಮರೆತುಬಿಡುತ್ತಾರೆ. ಫೈಲನ್ನು ಕಡೆಗಣಿಸಿದಾಗ ತಡೆ ವಾಪಸ್ ಬಂತು, ಅಷ್ಟೇ. ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು ಅದರಲ್ಲಿ ಹಾಕಿ, ಆ ಸಾಲನ್ನು ಫೈಲಿನಿಂದಲೂ ಅಳಿಸಿ.

ಪ್ರಶ್ನೆ: ಜಾವಾಸ್ಕ್ರಿಪ್ಟ್‌ನ ಪ್ಯಾಕೇಜ್ ಮ್ಯಾನೇಜರ್ ಎನ್‌ಪಿಎಂನಲ್ಲಿ ಇಂಥದ್ದೇ ಫ್ಲ್ಯಾಗ್ ಹುಡುಕಿದೆ, ಸಿಗಲಿಲ್ಲ. ಯಾರೋ ಯೂಸರ್‌ಕಾನ್ಫಿಗ್, ಗ್ಲೋಬಲ್‌ಕಾನ್ಫಿಗ್ ಎರಡಕ್ಕೂ /ಡೆವ್/ನಲ್ ಕೊಡು ಅಂದರು. ಕೊಟ್ಟರೆ ಡಬಲ್-ಲೋಡಿಂಗ್ ಕಾನ್ಫಿಗ್ ಅಂತ ಎರರ್.

ಉತ್ತರ: ಎಲ್ಲವನ್ನೂ ಒಂದೇ ಏಟಿಗೆ ಮುಚ್ಚುವ ಫ್ಲ್ಯಾಗ್ ಎನ್‌ಪಿಎಂನಲ್ಲಿ ಇಲ್ಲ. ಒಂದೊಂದನ್ನೇ ಮುಚ್ಚಬೇಕು. ಅದು ಓದುವ ಫೈಲುಗಳು ನಾಲ್ಕು: ಪ್ರಾಜೆಕ್ಟ್ ಒಳಗಿನ .ಎನ್‌ಪಿಎಂಆರ್‌ಸಿ, ನಿಮ್ಮ ಹೋಮ್‌ನ .ಎನ್‌ಪಿಎಂಆರ್‌ಸಿ, ಇಡೀ ಯಂತ್ರದ ಗ್ಲೋಬಲ್ ಫೈಲು, ಕೊನೆಗೆ ಎನ್‌ಪಿಎಂ ಜೊತೆಗೇ ಬಂದಿರುವ ಬಿಲ್ಟ್-ಇನ್ ಫೈಲು. ಕಮಾಂಡ್ ಲೈನ್‌ನಲ್ಲಿ ಕೊಟ್ಟದ್ದು ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಎನ್‌ಪಿಎಂ_ಕಾನ್ಫಿಗ್_ ಅಂತ ಶುರುವಾಗುವ ವೇರಿಯಬಲ್‌ಗಳು, ಅದರ ಕೆಳಗೆ ಈ ನಾಲ್ಕು ಇದೇ ಕ್ರಮದಲ್ಲಿ.

ನಿಮಗೆ ಬಂದ ಎರರ್‌ಗೆ ಕಾರಣ ಸರಳ. ಒಂದೇ ಫೈಲನ್ನು ಯೂಸರ್ ಅಂತಲೂ ಗ್ಲೋಬಲ್ ಅಂತಲೂ ಎರಡು ಸಲ ಓದಲು ಎನ್‌ಪಿಎಂ ಒಪ್ಪುವುದಿಲ್ಲ, ಆ ಫೈಲು /ಡೆವ್/ನಲ್ ಆಗಿದ್ದರೂ ಸರಿ. ಎರಡು ಬೇರೆ ಬೇರೆ ಖಾಲಿ ಫೈಲ್ ಮಾಡಿ, ಟೆಂಪ್ ಫೋಲ್ಡರ್‌ನಲ್ಲಿ ಖಾಲಿ1, ಖಾಲಿ2 ಅಂತ ಏನಾದರೂ ಹೆಸರಿಡಿ, --ಯೂಸರ್‌ಕಾನ್ಫಿಗ್‌ಗೆ ಒಂದು, --ಗ್ಲೋಬಲ್‌ಕಾನ್ಫಿಗ್‌ಗೆ ಇನ್ನೊಂದು ಕೊಡಿ. ಎರರ್ ಹೋಗುತ್ತದೆ.

ಪ್ರಾಜೆಕ್ಟ್ ಒಳಗಿನ ಫೈಲು ಮಾತ್ರ ಇದಕ್ಕೆ ಬಗ್ಗುವುದಿಲ್ಲ. -ಜಿ ಕೊಟ್ಟು ಗ್ಲೋಬಲ್ ಆಗಿ ಇನ್‌ಸ್ಟಾಲ್ ಮಾಡುವಾಗ ಎನ್‌ಪಿಎಂ ಅದನ್ನು ಓದುವುದೇ ಇಲ್ಲ. ಮಾಮೂಲಿ ಇನ್‌ಸ್ಟಾಲ್‌ಗಾದರೆ ಆ ಫೈಲಿನ ಹೆಸರನ್ನು ಸ್ವಲ್ಪ ಹೊತ್ತಿಗೆ ಬದಲಿಸಿ, ಇಲ್ಲವೇ ಬೇಡವಾದ ಸೆಟ್ಟಿಂಗ್ ಒಂದನ್ನೇ ಕಮಾಂಡ್ ಲೈನ್‌ನಲ್ಲಿ ಮೀರಿ. ನನಗೆ ಎರಡನೆಯದೇ ಹಿಡಿಸುತ್ತದೆ, ಯಾಕೆಂದರೆ ಹೆಸರು ಬದಲಿಸಿದ ಫೈಲನ್ನು ಮರೆತು ಹಾಗೇ ಕಮಿಟ್ ಮಾಡುವ ಅಪಾಯ ಇರುತ್ತದೆ.

ಇಲ್ಲೂ ಮೊದಲು ನೋಡಿ, ಆಮೇಲೆ ಮುಚ್ಚಿ. ಎನ್‌ಪಿಎಂ ಕಾನ್ಫಿಗ್ ಲಿಸ್ಟ್ ಅಂದರೆ ಯಾವ ಸಾಲು ಯಾವ ಫೈಲಿನಿಂದ ಬಂತು ಅಂತ ತಲೆಬರಹ ಹಾಕಿ ತೋರಿಸುತ್ತದೆ, ಬೇರೊಂದು ಫೈಲು ಮೀರಿದ ಸಾಲಿನ ಮುಂದೆ ಓವರ್‌ರಿಡನ್ ಬೈ ಅಂತ ಬರೆದು ಯಾರು ಮೀರಿದರು ಅನ್ನುವುದನ್ನೂ ಹೇಳುತ್ತದೆ. ಪಿಪ್‌ಗಿಂತ ಇದು ಓದಲು ಸುಲಭ.

ರಿಜಿಸ್ಟ್ರಿ (ಎನ್‌ಪಿಎಂ ಪ್ಯಾಕೇಜ್ ತರುವ ಸರ್ವರ್) ವಿಷಯದಲ್ಲಿ ಎರಡು ಕಡೆ ಹುಷಾರು. ಒಂದು, @ ಗುರುತಿನಿಂದ ಶುರುವಾಗುವ ಸ್ಕೋಪ್‌ಗೆ (ಪ್ಯಾಕೇಜ್ ಹೆಸರಿಗೆ ಮೊದಲು ಬರುವ ಗುಂಪಿನ ಹೆಸರು) ಫೈಲಿನಲ್ಲಿ ಬೇರೆ ರಿಜಿಸ್ಟ್ರಿ ಬರೆದಿದ್ದರೆ ಕಮಾಂಡ್‌ನಲ್ಲಿ --ರಿಜಿಸ್ಟ್ರಿ ಕೊಟ್ಟರೂ ಆ ಸ್ಕೋಪ್‌ನ ಪ್ಯಾಕೇಜ್‌ಗಳು ಫೈಲಿನ ವಿಳಾಸಕ್ಕೇ ಹೋಗುತ್ತವೆ. ಎರಡು, ಪ್ಯಾಕೇಜ್-ಲಾಕ್.ಜೇಸನ್ ಒಳಗೆ ಪ್ರತಿ ಪ್ಯಾಕೇಜ್‌ಗೂ ರಿಸಾಲ್ವ್ಡ್ ಅನ್ನುವ ಸಾಲಿನಲ್ಲಿ ಪೂರ್ತಿ ವಿಳಾಸ ಬರೆದಿರುತ್ತದೆ. ಅಲ್ಲಿರುವುದು ಎನ್‌ಪಿಎಂನ ಮಾಮೂಲಿ ವಿಳಾಸವಾಗಿದ್ದರೆ ಈಗಿನ ರಿಜಿಸ್ಟ್ರಿಗೆ ತಕ್ಕಂತೆ ಅದು ತಾನೇ ಬದಲಿಸಿಕೊಳ್ಳುತ್ತದೆ. ಆದರೆ ಯಾವುದೋ ಖಾಸಗಿ ಸರ್ವರ್‌ನ ವಿಳಾಸ ಕೂತಿದ್ದರೆ ಅದನ್ನು ಮುಟ್ಟುವುದಿಲ್ಲ. ಎಲ್ಲ ಕಾನ್ಫಿಗ್ ಮುಚ್ಚಿದ್ದೀರಿ, ಆದರೂ ಡೌನ್‌ಲೋಡ್ ಹಳೇ ಕಡೆಗೆ ಹೋಗುತ್ತಿದೆ ಅಂದರೆ ಲಾಕ್ ಫೈಲಿನಲ್ಲಿ ಆ ಸರ್ವರ್‌ನ ಹೆಸರು ಹುಡುಕಿ.

ಮತ್ತೆ, ಹೋಮ್‌ನ ಫೈಲು ಮುಚ್ಚಿದರೆ ಅದರಲ್ಲಿರುವ ಲಾಗಿನ್ ಟೋಕನ್ ಕೂಡ ಹೋಗುತ್ತದೆ. ಖಾಸಗಿ ಪ್ಯಾಕೇಜ್ ಕೇಳಿದಾಗ ನಿಮಗೆ ಪರವಾನಗಿ ಇಲ್ಲ ಅನ್ನುವ ಬದಲು 404 ಬರಬಹುದು. ಪ್ಯಾಕೇಜ್ ಅಳಿಸಿಹೋಗಿದೆ ಅಂತ ಗಾಬರಿಯಾಗಬೇಡಿ.

ಪ್ರಶ್ನೆ: ನಮ್ಮ ತಂಡದಲ್ಲಿ ಒಬ್ಬರ ಯಂತ್ರದಲ್ಲಿ ಬಿಲ್ಡ್ ಆಗುತ್ತದೆ, ಇನ್ನೊಬ್ಬರದ್ದರಲ್ಲಿ ಆಗುವುದಿಲ್ಲ. ಬೇಸತ್ತು ಎಲ್ಲ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲೂ ಕಾನ್ಫಿಗ್ ಕಡೆಗಣಿಸುವ ಫ್ಲ್ಯಾಗ್ ಹಾಕಿಬಿಟ್ಟೆವು. ನಮ್ಮದೇ ಕೆಲವು ಒಳಗಿನ ಪ್ಯಾಕೇಜ್‌ಗಳೂ ಇವೆ. ಇದು ಒಳ್ಳೆಯ ಅಭ್ಯಾಸ ಅಲ್ವಾ?

ಉತ್ತರ: ಅರ್ಧ ಒಳ್ಳೆಯದು. ಉಳಿದರ್ಧ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಳ್ಳೆಯ ಅರ್ಧ ಏನೆಂದರೆ, ಯಾರ ಯಂತ್ರದಲ್ಲಿ ಏನಿದೆ ಅನ್ನುವುದರ ಮೇಲೆ ಬಿಲ್ಡ್ ನಿಂತಿರಬಾರದು, ಸ್ಕ್ರಿಪ್ಟ್ ಓದಿದರೆ ಏನಾಗುತ್ತದೆ ಅಂತ ಪೂರ್ತಿ ಗೊತ್ತಾಗಬೇಕು. ಆ ಆಸೆ ಸರಿ. ಆದರೆ ಕಾನ್ಫಿಗ್ ಫೈಲಿನಲ್ಲಿ ಬರೀ ತಲೆನೋವು ಇರುವುದಿಲ್ಲ, ಬೀಗಗಳೂ ಇರುತ್ತವೆ. ನಿಮ್ಮ ಒಳಗಿನ ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕು ಅಂತ ಹೇಳುತ್ತಿದ್ದದ್ದು ಬಹುಶಃ ಆ ಫೈಲೇ. ಅದನ್ನು ಮುಚ್ಚಿದ ಮೇಲೆ ಪಿಪ್ ಅದೇ ಹೆಸರನ್ನು ಸಾರ್ವಜನಿಕ ಪೈಪಿಐನಲ್ಲಿ ಹೋಗಿ ಕೇಳುತ್ತದೆ. ಅಲ್ಲಿ ಆ ಹೆಸರು ಇಲ್ಲದಿದ್ದರೆ ಎರರ್ ಬಂದು ನಿಲ್ಲುತ್ತದೆ, ನಿಮ್ಮ ಪುಣ್ಯ. ಯಾರೋ ಅಪರಿಚಿತರು ಅದೇ ಹೆಸರಲ್ಲಿ ಒಂದು ಪ್ಯಾಕೇಜ್ ಹಾಕಿಟ್ಟಿದ್ದರೆ? ಸದ್ದಿಲ್ಲದೆ ಇನ್‌ಸ್ಟಾಲ್ ಆಗುತ್ತದೆ. ಅದು ಸೋರ್ಸ್ ಪ್ಯಾಕೇಜ್ ಆಗಿದ್ದರೆ ಇನ್‌ಸ್ಟಾಲ್ ಮಾಡುವ ಹೊತ್ತಿಗೇ ಅವರ ಕೋಡ್ ನಿಮ್ಮ ಬಿಲ್ಡ್ ಯಂತ್ರದಲ್ಲಿ ಓಡುತ್ತದೆ.

ಇದು ಸುಮ್ನೆ ಕಲ್ಪಿಸಿಕೊಂಡ ಭಯ ಅಲ್ಲ. 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸನ್ ಅನ್ನುವ ಭದ್ರತಾ ಸಂಶೋಧಕರು ಇದನ್ನೇ ಮಾಡಿ ತೋರಿಸಿದರು. ದೊಡ್ಡ ಕಂಪನಿಗಳ ಒಳಗಿನ ಪ್ಯಾಕೇಜ್ ಹೆಸರುಗಳನ್ನು ಪತ್ತೆಹಚ್ಚಿ, ಅದೇ ಹೆಸರುಗಳಲ್ಲಿ ಎನ್‌ಪಿಎಂ, ಪೈಪಿಐ, ರೂಬಿಜೆಮ್ಸ್‌ಗಳಲ್ಲಿ ಹಾನಿ ಮಾಡದ ಪ್ಯಾಕೇಜ್‌ಗಳನ್ನು ಹಾಕಿದರು. ಆ್ಯಪಲ್, ಮೈಕ್ರೋಸಾಫ್ಟ್ ಸೇರಿದಂತೆ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ಅವರ ಕೋಡ್ ಓಡಿತು. ಈ ದಾಳಿಗೆ ಡಿಪೆಂಡೆನ್ಸಿ ಕನ್‌ಫ್ಯೂಷನ್ ಅನ್ನುತ್ತಾರೆ. ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್ ಬಳಸುವವರಿಗೂ ಇದೇ ಅಪಾಯ ಇದೆ, ಯಾಕೆಂದರೆ ಪಿಪ್‌ಗೆ ಒಳಗಿನ ಇಂಡೆಕ್ಸ್ ಹೊರಗಿನ ಇಂಡೆಕ್ಸ್ ಅನ್ನುವ ಭೇದ ಇಲ್ಲ, ಎರಡನ್ನೂ ಸಮಾನವಾಗಿ ನೋಡಿ ಹೆಚ್ಚಿನ ವರ್ಷನ್ ಎಲ್ಲಿದೆಯೋ ಅದನ್ನು ಎತ್ತಿಕೊಳ್ಳುತ್ತದೆ.

ಹಾಗಾದರೆ ಏನು ಮಾಡಬೇಕು? ಫ್ಲ್ಯಾಗ್ ಇಟ್ಟುಕೊಳ್ಳಿ, ಆದರೆ ಬರೀ ಫ್ಲ್ಯಾಗ್ ಇಟ್ಟು ಬಿಡಬೇಡಿ. ಫೈಲು ಹೇಳುತ್ತಿದ್ದ ಮುಖ್ಯ ಮಾತನ್ನು ಸ್ಕ್ರಿಪ್ಟ್‌ನಲ್ಲಿ ನೀವೇ ಬಾಯಿಬಿಟ್ಟು ಹೇಳಿ: --ಐಸೊಲೇಟೆಡ್ ಜೊತೆಗೆ --ಇಂಡೆಕ್ಸ್-ಯುಆರ್‌ಎಲ್ ಕೊಟ್ಟು ನಿಮ್ಮ ಒಳಗಿನ ಸರ್ವರ್‌ನ ವಿಳಾಸ ಬರೆಯಿರಿ, ಸಾರ್ವಜನಿಕ ಪ್ಯಾಕೇಜ್‌ಗಳನ್ನೂ ಆ ಸರ್ವರ್ ಮೂಲಕವೇ ತರಿಸಿ. ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಪ್ರತಿ ಪ್ಯಾಕೇಜ್‌ಗೂ ಹ್ಯಾಶ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ಬರೆದು --ರಿಕ್ವೈರ್-ಹ್ಯಾಶಸ್ ಕೊಡಿ. ಆಗ ಅದೇ ಹೆಸರಿನ ಬೇರೆ ಪ್ಯಾಕೇಜ್ ಬಂದರೆ ಹ್ಯಾಶ್ ಹೊಂದದೆ ಪಿಪ್ ನಿಂತುಬಿಡುತ್ತದೆ. ಸ್ವಲ್ಪ ಕೆಲಸ ಜಾಸ್ತಿ, ಗೊತ್ತು. ಆದರೂ ಮಾಡಿ. ಎನ್‌ಪಿಎಂ ಬಳಸುವವರೂ ನೋಡಿಕೊಳ್ಳಿ: ನಿಮ್ಮ ಫೈಲಿನಲ್ಲಿ ಇಗ್ನೋರ್-ಸ್ಕ್ರಿಪ್ಟ್ಸ್=ಟ್ರೂ ಇದ್ದು ಆ ಫೈಲನ್ನು ಮುಚ್ಚಿದರೆ ಪ್ಯಾಕೇಜ್‌ಗಳ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳು ಮತ್ತೆ ಓಡಲು ಶುರುವಾಗುತ್ತವೆ. ಕಮಾಂಡ್‌ನಲ್ಲೇ --ಇಗ್ನೋರ್-ಸ್ಕ್ರಿಪ್ಟ್ಸ್ ಸೇರಿಸಿ.

ಇನ್ನು ಒಬ್ಬರ ಯಂತ್ರದಲ್ಲಿ ಆಗಿ ಇನ್ನೊಬ್ಬರದ್ದರಲ್ಲಿ ಆಗದ ವಿಷಯ. ಇಬ್ಬರೂ ಪಿಪ್ ಕಾನ್ಫಿಗ್ ಡೀಬಗ್ ಓಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದನ್ನು ಬೇರೆಯವರಿಗೆ ಕಳಿಸುವ ಮುಂಚೆ ವಿಳಾಸದೊಳಗೆ ಪಾಸ್‌ವರ್ಡ್ ಇದ್ದರೆ ಅಳಿಸಿ.

ಪ್ರಶ್ನೆ: ಡೆಬಿಯನ್, ಉಬುಂಟುಗಳ ಪ್ಯಾಕೇಜ್ ಮ್ಯಾನೇಜರ್ ಆಪ್ಟ್ ಹಳೇ ಪ್ರಾಕ್ಸಿಗೆ (ಇಂಟರ್ನೆಟ್ ದಾರಿಯ ಮಧ್ಯವರ್ತಿ ಸರ್ವರ್) ಅಂಟಿಕೊಂಡಿದೆ. ಆಪ್ಟ್_ಕಾನ್ಫಿಗ್ ವೇರಿಯಬಲ್‌ಗೆ ಖಾಲಿ ಫೈಲ್ ಕೊಟ್ಟೆ, ಸುಡೋ (ಅಡ್ಮಿನ್ ಹಕ್ಕು ಕೊಡುವ ಕಮಾಂಡ್) ಹಾಕಿ ಓಡಿಸಿದೆ, ಏನೂ ಬದಲಾಗಲಿಲ್ಲ.

ಉತ್ತರ: ಎರಡು ಕಾರಣ. ಮೊದಲನೆಯದು ಸುಡೋ. ಅದು ಸಾಮಾನ್ಯವಾಗಿ ನಿಮ್ಮ ವೇರಿಯಬಲ್‌ಗಳನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ನೀವು ಎಕ್ಸ್‌ಪೋರ್ಟ್ ಮಾಡಿದ್ದು ಆಪ್ಟ್‌ಗೆ ತಲುಪಲೇ ಇಲ್ಲ. ಸುಡೋ ಎನ್ವ್ ಅಂತ ಬರೆದು ಅದರ ಮುಂದೆ ವೇರಿಯಬಲ್ ಇಟ್ಟು ಆಮೇಲೆ ಆಪ್ಟ್-ಗೆಟ್ ಬರೆಯಿರಿ.

ಎರಡನೆಯದು ಓದುವ ಕ್ರಮ. ಆಪ್ಟ್ ಮೊದಲು ನಿಮ್ಮ ಆಪ್ಟ್_ಕಾನ್ಫಿಗ್ ಫೈಲನ್ನು ಓದುತ್ತದೆ, ಆಮೇಲೆ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಫೋಲ್ಡರ್, ಆಮೇಲೆ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್, ಕೊನೆಗೆ ಕಮಾಂಡ್ ಲೈನ್. ಉಳಿದವುಗಳ ಬದಲಿಗೆ ಓದುವ ಫೈಲಲ್ಲ ಅದು, ಉಳಿದವುಗಳಿಗಿಂತ ಮೊದಲು ಓದುವ ಫೈಲು. ಖಾಲಿ ಫೈಲ್ ಕೊಟ್ಟರೆ ಮೊದಲು ಏನೂ ಸಿಗಲಿಲ್ಲ, ಆಮೇಲೆ ಎಲ್ಲವೂ ಸಿಕ್ಕಿತು. ಹಾಗಂತ ಕಮಾಂಡ್ ಲೈನ್‌ನಲ್ಲಿ ಆ ಫೋಲ್ಡರ್ ಬದಲಿಸಲು ಹೋದರೆ ಅಷ್ಟರಲ್ಲಿ ಓದಿ ಆಗಿರುತ್ತದೆ. ಹಾಗಾಗಿ ಆಪ್ಟ್_ಕಾನ್ಫಿಗ್ ಫೈಲಿನ ಒಳಗೇ ಡಿರ್::ಇಟಿಸಿ::ಪಾರ್ಟ್ಸ್‌ಗೆ ಒಂದು ಖಾಲಿ ಫೋಲ್ಡರ್, ಡಿರ್::ಇಟಿಸಿ::ಮೇನ್‌ಗೆ ಒಂದು ಖಾಲಿ ಫೈಲ್ ಕೊಡಿ. ಆಗ ಮುಂದೆ ಓದಬೇಕಾದ ಜಾಗವೇ ಬದಲಾಗುತ್ತದೆ.

ಆದರೆ ಒಂದು ಪ್ರಾಕ್ಸಿ ಸಾಲಿಗಾಗಿ ಇಷ್ಟು ಮಾಡಬೇಡಿ ಅಂತಲೇ ನನ್ನ ಸಲಹೆ. ಆಪ್ಟ್-ಕಾನ್ಫಿಗ್ ಡಂಪ್ ಎಲ್ಲ ಸೆಟ್ಟಿಂಗ್‌ಗಳನ್ನೂ ತೋರಿಸುತ್ತದೆ, ಆದರೆ ಯಾವ ಫೈಲಿನಿಂದ ಅಂತ ಹೇಳುವುದಿಲ್ಲ. ಗ್ರೆಪ್ ಬಳಸಿ /ಇಟಿಸಿ/ಆಪ್ಟ್ ಒಳಗೆಲ್ಲ ಪ್ರಾಕ್ಸಿ ಅನ್ನುವ ಪದ ಹುಡುಕಿ, ಸಿಕ್ಕ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿ ಕಾಮೆಂಟ್ ಮಾಡಿ. ಯಾಕೆ ಹೇಳುತ್ತೇನೆಂದರೆ ಆ ಫೋಲ್ಡರ್‌ನಲ್ಲಿ 01ಆಟೋರಿಮೂವ್ ಅನ್ನುವ ಫೈಲು ಇರುತ್ತದೆ, ಯಾವ ಪ್ಯಾಕೇಜ್‌ಗಳನ್ನು ತಾನಾಗಿ ತೆಗೆಯಬಾರದು ಅನ್ನುವ ಪಟ್ಟಿ ಅದರಲ್ಲಿದೆ. ಎಲ್ಲವನ್ನೂ ಮುಚ್ಚಿಕೊಂಡ ಸ್ಥಿತಿಯಲ್ಲಿ ಆಟೋರಿಮೂವ್ ಮಾತ್ರ ಯಾವ ಕಾರಣಕ್ಕೂ ಓಡಿಸಬೇಡಿ.

ಪ್ರಶ್ನೆ: ಯಾರ್ನ್ (ಜಾವಾಸ್ಕ್ರಿಪ್ಟ್‌ನದ್ದು), ರೂಬಿ, ಗೋ, ಕಾರ್ಗೋ (ರಸ್ಟ್‌ನದ್ದು), ಯುವಿ (ಪೈಥಾನ್‌ನದ್ದು) ಇವುಗಳಿಗೂ ಒಂದೊಂದು ಸಾಲಿನಲ್ಲಿ ಹೇಳಿಬಿಡಿ.

ಉತ್ತರ: ಯಾರ್ನ್‌ನ 1ನೇ ಸರಣಿಯಲ್ಲಿ --ನೋ-ಡೀಫಾಲ್ಟ್-ಆರ್‌ಸಿ ಇದೆ, ಅದು ಯಾರ್ನ್‌ಆರ್‌ಸಿ ಮತ್ತು ಎನ್‌ಪಿಎಂಆರ್‌ಸಿ ಎರಡನ್ನೂ ತಾನಾಗಿ ಹುಡುಕುವುದನ್ನು ನಿಲ್ಲಿಸುತ್ತದೆ. ರೂಬಿಯ ಜೆಮ್ ಕಮಾಂಡ್‌ಗೆ --ನೋಆರ್‌ಸಿ. ಬಂಡ್ಲರ್‌ಗೆ ಬಂಡಲ್_ಇಗ್ನೋರ್_ಕಾನ್ಫಿಗ್ ಅನ್ನುವ ವೇರಿಯಬಲ್, ಆದರೆ ಪ್ಯಾಕೇಜ್‌ಗಳನ್ನು ಯಾವ ಫೋಲ್ಡರ್‌ನಲ್ಲಿ ಇಡಬೇಕು ಅನ್ನುವುದೂ ಅದರ ಕಾನ್ಫಿಗ್‌ನಲ್ಲೇ ಇರುವುದರಿಂದ ಇನ್‌ಸ್ಟಾಲ್ ಆಗಿರುವ ಜೆಮ್‌ಗಳೇ ಕಾಣಿಸುತ್ತಿಲ್ಲ ಅಂತ ಅದು ದೂರಬಹುದು. ಗೋಗೆ ಗೋಎನ್ವ್=ಆಫ್, ಆಗ ಗೋ ಎನ್ವ್ -ಡಬ್ಲ್ಯೂ ಬಳಸಿ ಬರೆದಿಟ್ಟ ಸೆಟ್ಟಿಂಗ್‌ಗಳ ಫೈಲನ್ನು ಅದು ನೋಡುವುದಿಲ್ಲ.

ಯುವಿಯದ್ದು ಎಲ್ಲಕ್ಕಿಂತ ಚೊಕ್ಕ: --ನೋ-ಕಾನ್ಫಿಗ್ ಅಂದರೆ ಈಗಿನ ಫೋಲ್ಡರ್, ಅದರ ಮೇಲಿನ ಫೋಲ್ಡರ್‌ಗಳು, ಯೂಸರ್ ಫೋಲ್ಡರ್ ಯಾವುದರಲ್ಲೂ ಅದು ಸೆಟ್ಟಿಂಗ್ ಹುಡುಕುವುದಿಲ್ಲ. ಪಿಪ್.ಕಾನ್ಫ್ ಅನ್ನಂತೂ ಯುವಿ ಮೊದಲಿಂದಲೂ ಓದುವುದಿಲ್ಲ, ಆದ್ದರಿಂದ ಪಿಪ್‌ನಿಂದ ಯುವಿಗೆ ಬಂದವರು ಇಂಡೆಕ್ಸ್ ವಿಳಾಸವನ್ನು ಅದಕ್ಕೆ ಬೇರೆಯಾಗಿಯೇ ಹೇಳಬೇಕು.

ಕಾರ್ಗೋಗೆ ಇಂಥ ಫ್ಲ್ಯಾಗ್ ಇಲ್ಲ. ನೀವು ನಿಂತಿರುವ ಫೋಲ್ಡರ್‌ನಿಂದ ಶುರುಮಾಡಿ ಮೇಲಿನ ಒಂದೊಂದೇ ಫೋಲ್ಡರ್‌ನಲ್ಲಿ .ಕಾರ್ಗೋ/ಕಾನ್ಫಿಗ್.ಟಾಮ್ಲ್ ಹುಡುಕುತ್ತಾ ಹೋಗುತ್ತದೆ, ಕೊನೆಗೆ ಕಾರ್ಗೋ_ಹೋಮ್ ಒಳಗಿನದ್ದನ್ನೂ ಓದುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ನಿಂತಿರುವ ಜಾಗ, ಪ್ರಾಜೆಕ್ಟ್ ಇರುವ ಜಾಗ ಅಲ್ಲ. ಹಾಗಾಗಿ ರೂಟ್ ಫೋಲ್ಡರ್‌ಗೆ ಹೋಗಿ ಅಲ್ಲಿಂದ --ಮ್ಯಾನಿಫೆಸ್ಟ್-ಪಾತ್ ಕೊಟ್ಟು ಬಿಲ್ಡ್ ಮಾಡಿದರೆ ಪ್ರಾಜೆಕ್ಟ್‌ನ ಕಾನ್ಫಿಗ್ ಅದರ ಕಣ್ಣಿಗೆ ಬೀಳುವುದಿಲ್ಲ. ಕಾರ್ಗೋ_ಹೋಮ್‌ನದ್ದೂ ಬೇಡ ಅಂದರೆ ಆ ವೇರಿಯಬಲ್‌ಗೆ ಒಂದು ಖಾಲಿ ಫೋಲ್ಡರ್ ಕೊಡಿ, ಆದರೆ ಡೌನ್‌ಲೋಡ್ ಆಗಿದ್ದ ಕ್ರೇಟ್‌ಗಳೂ (ರಸ್ಟ್ ಪ್ಯಾಕೇಜ್‌ಗಳು) ಹಳೇ ಫೋಲ್ಡರ್‌ನಲ್ಲೇ ಉಳಿಯುವುದರಿಂದ ಎಲ್ಲವನ್ನೂ ಮೊದಲಿಂದ ತರಬೇಕಾಗುತ್ತದೆ.